ಮೀಟರ್ ಬೋರ್ಡಿಗೆ ಮಳೆನೀರು ಇಳಿಯದಂತೆ ಸರ್ವೀಸ್ ವೈರ್ ಎಳೆಸುವುದು ಹೇಗೆ?

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಒಂದು ವಾರ ಬಿಡದೆ ಹಿಡಿದರೆ ಉಡುಪಿ ಸುತ್ತಮುತ್ತ ಒಂದೇ ದೂರು: ‘ಮೀಟರ್ ಬೋರ್ಡಿನೊಳಗೆ ನೀರು, ಚಿರ್ ಚಿರ್ ಅಂತಿದೆ.’ ಗೋಡೆ ಸೋರುತ್ತಿದೆ ಅಂದುಕೊಂಡು ಡ್ಯಾಂಪ್‌ಪ್ರೂಫ್ ಬಳಿಸಿದವರನ್ನೂ ನೋಡಿದ್ದೇನೆ. ಗೋಡೆ ಪಾಪ, ಏನೂ ಮಾಡಿಲ್ಲ. ನೀರು ಬರುವುದು ಕಂಬದಿಂದ, ಮನೆಗೆ ಕರೆಂಟ್ ತರುವ ಸರ್ವೀಸ್ ವೈರ್ ಹಿಡಿದುಕೊಂಡು.

1. ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಗೇ ಕೊಡಿ. ಪೈಪ್, ಹುಕ್ಕು, ಬೋರ್ಡು, ಅರ್ತಿಂಗ್ ನಿಮ್ಮ ಪಾಲಿನದು. ಕಂಬದಿಂದ ಮೀಟರ್‌ವರೆಗಿನ ವೈರ್ ಮುಟ್ಟುವುದು ಮೆಸ್ಕಾಂ ಲೈನ್‌ಮ್ಯಾನ್ ಮಾತ್ರ.

2. ದಾರಿ ನೋಡಿ. ವೈರ್ ರಸ್ತೆ ದಾಟುವಲ್ಲಿ ನೆಲದಿಂದ ಕನಿಷ್ಠ 5.8 ಮೀಟರ್ ಎತ್ತರ ಬೇಕು. ಮನೆಯ ಹತ್ತಿರ ಹಾಯುವ ಲೈನಿಗೆ ಮಾಡಿನಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಬೇಕು. ಈಗ ಎಲ್ಲರೂ ಟೆರೇಸಿನ ಮೇಲೆ ಶೀಟ್ ಹಾಕಿಸುತ್ತಾರಲ್ಲ, ಆಗ ವೈರ್ ಇದ್ದಲ್ಲೇ ಇರುತ್ತದೆ, ಮನೆ ಎದ್ದು ಅದಕ್ಕೆ ತಾಗುತ್ತದೆ! ಗಾಳಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಹೋದರೆ ಇಡೀ ಶೀಟಿನಲ್ಲಿ ಕರೆಂಟ್. ಶೀಟ್ ಹಾಕಿಸುವ ಮೊದಲೇ ವೈರಿನ ದಾರಿ ಬದಲಿಸಲು ಅರ್ಜಿ ಕೊಡಿ. ತೆಂಗಿನ ಮರದ ಅಡಿಯ ದಾರಿಯೂ ಬೇಡ. ಒಂದು ಮಡಲು ಬಿದ್ದರೆ ಸಾಕು.

3. ವೈರ್ ಕಟ್ಟುವ ಹುಕ್ಕನ್ನು ಗೋಡೆಯ ಕಾಂಕ್ರೀಟ್ ಬೆಲ್ಟಿಗೆ ಕೂರಿಸಿ. ಮುರಕಲ್ಲಿನಲ್ಲಿ ಬೋಲ್ಟ್ ಎರಡು ಮಳೆಗಾಲಕ್ಕೆ ಸಡಿಲವಾಗುತ್ತದೆ. ಹಂಚಿನ ಮನೆಯ ಪಕ್ಕಾಸಿಗೆ ಮೊಳೆ ಹೊಡೆದು ಕಟ್ಟುವುದಂತೂ ಬೇಡವೇ ಬೇಡ.

4. ಇನ್ನು ವೈರನ್ನು ಬೋರ್ಡಿಗೆ ಇಳಿಸುವ ಪೈಪಿನ ಬಾಯಿ. ಹತ್ತರಲ್ಲಿ ಎಂಟು ಮನೆ ಕೆಡುವುದು ಇಲ್ಲೇ. ಪೈಪನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ವೈರ್ ಇಳಿಸಿ, ಬಾಯಿಗೆ ಟೇಪ್ ಸುತ್ತಿ ಪುಟ್ಟಿ ಮೆತ್ತುತ್ತಾರೆ. ಕೇಳಿದರೆ ‘ಸಾಕು ಮಾರಾಯ್ರೇ, ಒಂದು ಹನಿ ಹೋಗ್ಲಿಕ್ಕಿಲ್ಲ’. ಏಪ್ರಿಲ್ ಬಿಸಿಲಿಗೆ ಪುಟ್ಟಿ ಬಿರಿಯುತ್ತದೆ, ಜೂನಿನಲ್ಲಿ ಪೈಪೇ ದಂಬೆ, ಅಂದರೆ ನೀರು ಹರಿಸುವ ದೋಣಿ.

ಬಾಯಿ ಕೆಳಮುಖವಾಗಿರಬೇಕು, ಕೊಡೆಯ ಹಿಡಿಯ ಹಾಗೆ ಬಾಗಿದ ಬೆಂಡ್. ವೈರ್ ಕಟ್ಟುವ ಹುಕ್ಕು ಆ ಬಾಯಿಗಿಂತ ಒಂದಡಿಯಾದರೂ ಕೆಳಗಿರಲಿ. ಹುಕ್ಕಿನಿಂದ ವೈರನ್ನು ಬಿಗಿಯಾಗಿ ಎಳೆಯದೆ ಜೋಕಾಲಿಯಂತೆ ಇನ್ನೂ ಕೆಳಕ್ಕೆ ಇಳಿಬಿಟ್ಟು, ಆಮೇಲೆ ಮೇಲಕ್ಕೆತ್ತಿ ಬಾಯಿಯೊಳಗೆ ತೂರಿಸಬೇಕು. ವೈರ್ ಮೇಲೆ ಹರಿದು ಬಂದ ನೀರು ಜೋಕಾಲಿಯ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಹತ್ತಿ ಒಳಹೋಗುವುದಿಲ್ಲ. ಬಾಯಿಯ ಅಂಚಿಗೆ ಬುಷ್ (ನುಣುಪಾದ ಬಳೆ) ಹಾಕಿ, ಇಲ್ಲದಿದ್ದರೆ ಕಬ್ಬಿಣ ವೈರನ್ನು ಕೊಯ್ಯುತ್ತದೆ. ಫೇಸ್, ನ್ಯೂಟ್ರಲ್ ಎರಡೂ ಒಂದೇ ಪೈಪಿನಲ್ಲಿ ಹೋಗಲಿ. ಬೇರೆ ಬೇರೆ ಕಬ್ಬಿಣದ ಪೈಪಿನಲ್ಲಿ ಹಾಕಿದರೆ ಪೈಪ್ ಬಿಸಿಯಾಗುತ್ತದೆ. ಪೈಪಿಗೂ ಅರ್ತ್ ಕೊಡಿ. ನನ್ನ ಆಯ್ಕೆ ದಪ್ಪ ಜಿ.ಐ. ಪೈಪೇ. ಮಲ್ಪೆ, ಉಳ್ಳಾಲದ ಉಪ್ಪುಗಾಳಿಗೆ ಅದೂ ತುಕ್ಕು ಹಿಡಿಯುತ್ತದೆ ನಿಜ, ಪೇಂಟ್ ಬಳಿಯುತ್ತಿರಿ. ತೆಳ್ಳಗಿನ ಬೂದು ಪಿವಿಸಿ ಪೈಪ್ ಬಿಸಿಲಿಗೆ ಹಪ್ಪಳವಾಗುತ್ತದೆ.

ಇಷ್ಟು ಮಾಡಿಯೂ ಬೋರ್ಡಿನ ಕಟೌಟಿನಲ್ಲಿ (ಫ್ಯೂಸ್ ಕೂರುವ ಡಬ್ಬಿ) ನೀರು ಕಂಡರೆ? ವೈರಿನ ಹೊರಮೈ ಒಣಗಿದ್ದು, ತುದಿಯ ಎಳೆಗಳಿಂದ ಹನಿ ಬರುತ್ತಿದ್ದರೆ ತಪ್ಪು ಕಂಬದ ತುದಿಯಲ್ಲಿದೆ. ಅಲ್ಲಿ ಸುಲಿದ ತುದಿ ಆಕಾಶ ನೋಡುತ್ತಿದ್ದರೆ ನೀರು ಅಲ್ಯೂಮಿನಿಯಂ ಎಳೆಗಳ ನಡುವೆ ನುಗ್ಗಿ, ಪ್ಲಾಸ್ಟಿಕ್ಕಿನ ಒಳಗಿನಿಂದಲೇ ಮನೆಗೆ ಬರುತ್ತದೆ. ಇದಕ್ಕೆ ನಿಮ್ಮ ಜೋಕಾಲಿ ಉಪಯೋಗಕ್ಕಿಲ್ಲ. ತುದಿಯನ್ನು ಕೆಳಮುಖ ಮಾಡಿಕೊಡಲು ಲೈನ್‌ಮ್ಯಾನ್‌ಗೆ ಹೇಳಿ. ನೀವು ಏಣಿ ಇಡಬೇಡಿ.

5. ಬೋರ್ಡು ಕಣ್ಣಿನ ಮಟ್ಟದಲ್ಲಿ, ಸಿಟೌಟಿನ ಒಳಗೋಡೆಗೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಅರ್ತ್ ಗುಂಡಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದರೆ ಒಳ್ಳೆಯದು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಒಣ ನೆಲದಲ್ಲಿ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ.

ವೈರ್ ಎಳೆಯಲು ಲೈನ್‌ಮ್ಯಾನ್ ಬರುವ ಮೊದಲೇ, ಕರೆಂಟ್ ಇಲ್ಲದಾಗ, ಪೈಪಿನ ಬೆಂಡಿಗೆ ಹತ್ತು ನಿಮಿಷ ನೀರು ಬಿಡಿ. ಕೆಳಗಿನ ತುದಿಯಲ್ಲಿ ಹಳೆ ಪೇಪರ್ ಇಟ್ಟಿರಿ. ಅದು ಒದ್ದೆಯಾದರೆ ಬೆಂಡ್ ಬಿಚ್ಚಿಸಿ, ಗುತ್ತಿಗೆದಾರರು ಅಂಗಳದಲ್ಲಿ ಇರುವಾಗಲೇ.