ಅಪ್ಪ ಅಮ್ಮನಿಗೆ ಅಂತ ಅನೆಕ್ಸ್ ಕಟ್ಟಿಸಿದ್ರೆ ಇಂಗ್ಲೆಂಡಲ್ಲಿ ಕೌನ್ಸಿಲ್ ಟ್ಯಾಕ್ಸ್ ಹೇಗೆ ಬರತ್ತೆ, ಏನೇನು ಕೇಳಬೇಕು

ಇಂಗ್ಲೆಂಡಲ್ಲಿ ಸ್ವಂತ ಮನೆ ಇರೋ ನಮ್ಮೋರಲ್ಲಿ ಗ್ಯಾರೇಜ್ ಕನ್ವರ್ಟ್ ಮಾಡಿಸೋರು, ಹಿತ್ತಲಲ್ಲಿ ಒಂದು ರೂಮು, ಬಾತ್‌ರೂಮು, ಸಣ್ಣ ಅಡುಗೆಮನೆ ಇರೋ ಹಾಗೆ ಕಟ್ಟಿಸೋರು ಇದ್ದೇ ಇರ್ತಾರೆ, ಹೆಚ್ಚಾಗಿ ಅಪ್ಪ ಅಮ್ಮನಿಗೋ ಅತ್ತೆ ಮಾವನಿಗೋ ಅಂತ. ಇದನ್ನೇ ಅನೆಕ್ಸ್ ಅನ್ನೋದು. ಕಟ್ಟಿ ಮುಗಿದು ಸ್ವಲ್ಪ ದಿನಕ್ಕೆ ಅದೇ ವಿಳಾಸಕ್ಕೆ ಎರಡನೇ ಕೌನ್ಸಿಲ್ ಟ್ಯಾಕ್ಸ್ (ಮನೆಗೋಸ್ಕರ ಸ್ಥಳೀಯ ಆಡಳಿತಕ್ಕೆ, ಅಂದ್ರೆ ಕೌನ್ಸಿಲ್‌ಗೆ ಕಟ್ಟೋ ತೆರಿಗೆ) ಬಿಲ್ ಬಂದುಬಿಡತ್ತೆ, ಆಗ ಇದೇನೋ ತಪ್ಪಾಗಿದೆ ಅಂತ ಕೌನ್ಸಿಲ್‌ಗೆ ಫೋನ್ ಮೇಲೆ ಫೋನ್. ತಪ್ಪೇನೂ ಆಗಿರಲ್ಲ, ಕಾನೂನೇ ಹಾಗಿದೆ. ಆದ್ರೆ ಅದೇ ಕಾನೂನಲ್ಲಿ ಆ ಬಿಲ್ಲನ್ನ ಅರ್ಧ ಮಾಡೋ ದಾರಿನೂ ಇದೆ, ಪೂರ್ತಿ ಸೊನ್ನೆ ಮಾಡೋ ದಾರಿನೂ ಇದೆ, ನೀವಾಗೇ ಅರ್ಜಿ ಹಾಕದೆ ಅದು ಸಿಗೋದು ಕಷ್ಟ, ಅದಕ್ಕೇ ಇಷ್ಟು ವಿವರವಾಗಿ ಬರೀತಿದೀನಿ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಇದರಲ್ಲಿ ಎರಡು ಬೇರೆ ಬೇರೆ ಆಫೀಸು ಇದಾವೆ. ಅನೆಕ್ಸ್ ಬೇರೆ ಮನೆ ಹೌದೋ ಅಲ್ವೋ, ಯಾವ ಬ್ಯಾಂಡು (ಮನೆ ಬೆಲೆ ನೋಡಿ ಹಾಕೋ ತೆರಿಗೆ ದರ್ಜೆ) ಅನ್ನೋದನ್ನ ತೀರ್ಮಾನ ಮಾಡೋದು ವ್ಯಾಲ್ಯುಯೇಷನ್ ಆಫೀಸ್, ವಿಒಎ ಅಂತಾರಲ್ಲ ಅದು. ಬಿಲ್ ಕಳ್ಸೋದು, ಡಿಸ್ಕೌಂಟು, ಎಕ್ಸೆಂಪ್ಷನ್ (ಪೂರ್ತಿ ವಿನಾಯಿತಿ) ಕೊಡೋದು ನಿಮ್ಮ ಕೌನ್ಸಿಲ್. ಬ್ಯಾಂಡ್ ಬಗ್ಗೆ ಕೌನ್ಸಿಲ್ ಹತ್ರ ಜಗಳ ಆಡಿದ್ರೆ ಉಪಯೋಗ ಇಲ್ಲ, ಡಿಸ್ಕೌಂಟ್ ಬಗ್ಗೆ ವಿಒಎ ಹತ್ರ ಕೇಳಿದ್ರೂ ಅಷ್ಟೇ. ಸುಮಾರು ಜನ ತಿಂಗಳುಗಟ್ಟಲೆ ಅಲೆದಾಡೋದು ಇಲ್ಲೇ.

ಬೇರೆ ಮನೆ ಅಂತ ಯಾವಾಗ ಲೆಕ್ಕ? 1992ರ ಚಾರ್ಜಬಲ್ ಡ್ವೆಲಿಂಗ್ಸ್ ಆರ್ಡರ್ ಪ್ರಕಾರ ಒಂದೇ ಪ್ರಾಪರ್ಟಿಯೊಳಗೆ ಪ್ರತ್ಯೇಕವಾಗಿ ವಾಸ ಮಾಡೋಕೆ ಅಂತ ಕಟ್ಟಿದ ಅಥವಾ ಮಾರ್ಪಾಡು ಮಾಡಿದ ಭಾಗ ಎಷ್ಟಿದೆಯೋ ಅಷ್ಟು ಮನೆ ಅಂತ ಲೆಕ್ಕ. ಅಲ್ಲಿ ಯಾರಿದಾರೆ, ಬಾಡಿಗೆ ತಗೋತೀರಾ, ಅಮ್ಮ ರಾತ್ರಿ ಊಟಕ್ಕೆ ನಿಮ್ಮ ಜೊತೇನೇ ಕೂತ್ಕೋತಾರಾ, ಇದ್ಯಾವುದೂ ಇಲ್ಲಿ ಮುಖ್ಯ ಆಗಲ್ಲ, ಕಟ್ಟಡ ಹೇಗಿದೆ ಅನ್ನೋದೊಂದೇ ನೋಡೋದು. ವಿಒಎಯೋರು ನೋಡೋದು ಮಲಗೋಕೆ ಕೂರೋಕೆ ಜಾಗ ಇದೆಯಾ, ಟಾಯ್ಲೆಟ್ಟು ಶವರ್ರು ಇದೆಯಾ, ಅಡುಗೆ ಮಾಡ್ಕೊಳ್ಳೋಕೆ ವ್ಯವಸ್ಥೆ ಇದೆಯಾ ಅಂತ. ಅಡುಗೆ ಅಂದ್ರೆ ದೊಡ್ಡ ಕಿಚನ್ನೇ ಬೇಕಿಲ್ಲ, ಗೋಡೆ ಪಕ್ಕ ಒಂದು ಸಿಂಕು, ಅದಕ್ಕೆ ನಲ್ಲಿ ಕನೆಕ್ಷನ್ನು, ಒಂದಿಷ್ಟು ವರ್ಕ್‌ಟಾಪು, ಒಲೆ ಇಡೋಕೆ ಜಾಗ ಮತ್ತೆ ಅದಕ್ಕೆ ಕರೆಂಟ್ ಪಾಯಿಂಟು ಇದ್ರೂ ಸಾಕಾಗಬಹುದು. ಒಲೆ ಒಂದನ್ನ ಎತ್ತಿಟ್ಟು ಈಗ ಕಿಚನ್ ಇಲ್ಲ ನೋಡಿ ಅಂದ್ರೆ ನಡೆಯಲ್ಲ, ಜಾಗ ಪಾಯಿಂಟು ಹಾಗೇ ಇದಾವಲ್ಲ. ಬೇರೆ ಮೀಟರ್ ಇಲ್ಲ, ಬೇರೆ ಲೆಟರ್‌ಬಾಕ್ಸ್ ಇಲ್ಲ, ಬೇರೆಯಾಗಿ ಮಾರೋಕೆ ಆಗಲ್ಲ ಅನ್ನೋ ವಾದನೂ ಸಾಮಾನ್ಯವಾಗಿ ನಿಲ್ಲಲ್ಲ, 1995ರಿಂದಲೇ ಹೈಕೋರ್ಟ್ ತೀರ್ಪುಗಳು ಕಟ್ಟಡದ ಕಡೆಗೇ ಬೊಟ್ಟು ಮಾಡ್ತಾ ಬಂದಿದಾವೆ.

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತವಾಗಿ ಹೇಳ್ಬಿಡ್ತೀನಿ. ಟ್ಯಾಕ್ಸ್ ಬರತ್ತೆ ಅಂತ ಹೆದರಿ ವಯಸ್ಸಾದೋರ ರೂಮಲ್ಲಿ ಸಿಂಕೂ ಬೇಡ ಒಲೇನೂ ಬೇಡ ಅಂತ ತೀರ್ಮಾನ ಮಾಡ್ಬೇಡಿ. ಬೆಳಗ್ಗೆ ಐದಕ್ಕೆ ಏಳೋ ಅಮ್ಮನಿಗೆ ಒಂದು ಲೋಟ ಕಾಫಿಗೆ ಚಳೀಲಿ ಹಿತ್ತಲು ದಾಟಿ ಬಂದು ನಿಮ್ಮ ಅಡುಗೆಮನೆ ಬಾಗಿಲು ತೆಗೀಬೇಕು, ಮಗ ಸೊಸೆ ನಿದ್ದೆ ಕೆಡತ್ತೇನೋ ಅಂತ ಸಂಕೋಚ ಪಡಬೇಕು, ಇದು ಬೇಕಾ? ಅವರಿಗೆ 65 ದಾಟಿದ್ರೆ, ಅಲ್ಲೇ ಕಾಯಂ ಇದ್ರೆ ಆ ಒಲೆಗೋಸ್ಕರ ನೀವು ಒಂದು ಪೆನ್ನಿ ಕೂಡ ಟ್ಯಾಕ್ಸ್ ಕಟ್ಟಬೇಕಿಲ್ಲ. ಹೇಗೆ ಅಂತ ಕೆಳಗೆ ಹೇಳ್ತೀನಿ.

ಮೊದಲು ದುಡ್ಡಿನ ಲೆಕ್ಕ. ಬ್ಯಾಂಡು ಎ ಇಂದ ಎಚ್ ತನಕ, ಇಂಗ್ಲೆಂಡಲ್ಲಿ ಇವತ್ತಿಗೂ 1991ರ ಏಪ್ರಿಲ್ 1ನೇ ತಾರೀಕಿನ ಬೆಲೆ ಮೇಲೆನೇ ನಡೀತಿದೆ, ಆಗ 40,000 ಪೌಂಡ್ ತನಕ ಬಾಳೋ ಮನೆ ಎ ಬ್ಯಾಂಡು. ಅನೆಕ್ಸ್‌ಗಳು ಸಾಮಾನ್ಯವಾಗಿ ಎ ಬ್ಯಾಂಡಿಗೇ ಬೀಳತ್ತೆ. ಎ ಅಂದ್ರೆ ಡಿ ಬ್ಯಾಂಡ್ ಮೊತ್ತದ ಒಂಬತ್ತರಲ್ಲಿ ಆರು ಭಾಗ. 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ಡಿ ಬ್ಯಾಂಡು 2,280 ಪೌಂಡು, ಆ ಲೆಕ್ಕದಲ್ಲಿ ಎ ಬ್ಯಾಂಡ್ ಅನೆಕ್ಸ್‌ಗೆ ವರ್ಷಕ್ಕೆ 1,520. ಅದು ನಿಮ್ಮ ದೊಡ್ಡ ಮನೆ ಬಿಲ್ ಮೇಲೆ ಎಕ್ಸ್‌ಟ್ರಾ. ಸಣ್ಣ ಮೊತ್ತ ಏನಲ್ಲ.

ಈಗ ಸೊನ್ನೆ ಮಾಡೋ ದಾರಿ. ಇದರ ಹೆಸರು ಕ್ಲಾಸ್ ಡಬ್ಲ್ಯೂ ಎಕ್ಸೆಂಪ್ಷನ್. ಒಂದೇ ಪ್ರಾಪರ್ಟೀಲಿ ಎರಡು ಮನೆ ಅಂತ ಲೆಕ್ಕ ಇದ್ದು, ಒಂದರಲ್ಲಿ ನೀವಿದ್ದು, ಇನ್ನೊಂದರಲ್ಲಿ ನಿಮ್ಮ ಅವಲಂಬಿತ ಸಂಬಂಧಿಕರು ಕಾಯಂ ವಾಸ ಮಾಡ್ತಿದ್ರೆ ಅವರಿರೋ ಭಾಗಕ್ಕೆ ಪೂರ್ತಿ ವಿನಾಯಿತಿ. ಅವಲಂಬಿತ ಅಂದ ತಕ್ಷಣ ನಮ್ಮ ತಲೆಗೆ ಬರೋದು ದುಡ್ಡಿಗೆ ನಮ್ಮನ್ನ ನೆಚ್ಕೊಂಡಿರೋರು ಅಂತ, ಆದ್ರೆ ಇಲ್ಲಿ ಹಾಗಲ್ಲ, ಊರಿಂದ ಅಪ್ಪನಿಗೆ ಒಳ್ಳೆ ಪೆನ್ಷನ್ ಬರ್ತಿದ್ರೂ ಪರವಾಗಿಲ್ಲ, ವಯಸ್ಸು 65 ದಾಟಿರಬೇಕು, ಇಲ್ಲಾ ತೀವ್ರ ಮಾನಸಿಕ ದೌರ್ಬಲ್ಯ ಇರಬೇಕು, ಇಲ್ಲಾ ಗಣನೀಯವಾದ ಶಾಶ್ವತ ಅಂಗವೈಕಲ್ಯ ಇರಬೇಕು, ಈ ಮೂರರಲ್ಲಿ ಒಂದು ಸಾಕು. ಸಂಬಂಧದ ಪಟ್ಟಿ ದೊಡ್ಡದೇ ಇದೆ, ಅಪ್ಪ ಅಮ್ಮ ಮಕ್ಕಳು ಅಜ್ಜಿ ತಾತ ಮೊಮ್ಮಕ್ಕಳು ಅಣ್ಣ ತಮ್ಮ ಅಕ್ಕ ತಂಗಿ ಚಿಕ್ಕಪ್ಪ ಸೋದರಮಾವ ಅತ್ತೆ ಚಿಕ್ಕಮ್ಮ ಇವರೆಲ್ಲ ಬರ್ತಾರೆ, ಮದುವೆಯಿಂದ ಬಂದ ಸಂಬಂಧನೂ ರಕ್ತ ಸಂಬಂಧದ ಸಮ ಅಂತಾನೇ ನೋಡ್ತಾರೆ, ಹಾಗಾಗಿ ಹೆಂಡತಿ ಅಪ್ಪ ಅಮ್ಮ ಇದ್ರೂ ಅದೇ ವಿನಾಯಿತಿ.

ಅನೆಕ್ಸ್ ಮನೆಗೆ ಅಂಟ್ಕೊಂಡೇ ಇರಬೇಕು ಅಂತೇನಿಲ್ಲ, ಹಿತ್ತಲಲ್ಲಿ ಬೇರೆಯಾಗಿ ಕಟ್ಟಿದ್ರೂ ಒಂದೇ ಪ್ರಾಪರ್ಟಿಯ ಭಾಗ ಆಗಿದ್ರೆ ಆಯ್ತು. ಪಕ್ಕದ ಬೀದೀಲಿ ಫ್ಲಾಟ್ ತಗೊಂಡು ಅಮ್ಮನ್ನ ಇಟ್ರೆ ಮಾತ್ರ ಇದು ಅನ್ವಯ ಆಗಲ್ಲ.

ನಮ್ಮೋರಿಗೆ ನಿಜವಾದ ತೊಡಕು ಬರೋದು ಕಾಯಂ ವಾಸ ಅನ್ನೋ ಕಡೆ. ವಿಸಿಟರ್ ವೀಸಾದಲ್ಲಿ ಆರು ತಿಂಗಳ ಒಳಗೆ ಬಂದು ಹೋಗೋ ಅಪ್ಪ ಅಮ್ಮನ ಮುಖ್ಯ ಮನೆ ಮೈಸೂರಲ್ಲೋ ಶಿವಮೊಗ್ಗದಲ್ಲೋ ಇರತ್ತೆ, ಅವರ ಹೆಸರಲ್ಲಿ ಕ್ಲಾಸ್ ಡಬ್ಲ್ಯೂ ಕೇಳಿದ್ರೆ ಸಿಗೋದಿಲ್ಲ, ಕೇಳೋದೂ ಸರಿ ಅಲ್ಲ, ಯಾಕಂದ್ರೆ ವೀಸಾ ಅರ್ಜೀಲಿ ನಾವು ಭಾರತಕ್ಕೇ ವಾಪಸ್ ಹೋಗ್ತೀವಿ ಅಂತ ಬರೆದು ಕೌನ್ಸಿಲ್‌ಗೆ ಇಲ್ಲೇ ಕಾಯಂ ಅಂತ ಬರೆದ್ರೆ ಎರಡು ಕಾಗದ ಒಂದಕ್ಕೊಂದು ಹೊಡ್ಕೊಳ್ಳತ್ತೆ. ಅಂಥೋರಿಗೆ ಮುಂದಿನ ದಾರಿ ಇದೆ.

ಅದು 50 ಪರ್ಸೆಂಟ್ ಡಿಸ್ಕೌಂಟು, ಇಂಗ್ಲೆಂಡಲ್ಲಿ 2014ರ ಏಪ್ರಿಲ್‌ನಿಂದ ಇದೆ. ಎರಡು ಸಂದರ್ಭದಲ್ಲಿ ಸಿಗತ್ತೆ. ಒಂದು, ಅನೆಕ್ಸಲ್ಲಿ ನಿಮ್ಮ ಸಂಬಂಧಿಕರು ಕಾಯಂ ವಾಸ ಇದಾರೆ ಆದ್ರೆ ಮೇಲಿನ ಮೂರರಲ್ಲಿ ಯಾವುದಕ್ಕೂ ಬರಲ್ಲ, ಉದಾಹರಣೆಗೆ 58 ವರ್ಷದ ಆರೋಗ್ಯವಾಗಿರೋ ಅತ್ತೆ, ಅಥವಾ ಕೆಲಸಕ್ಕೆ ಹೋಗೋ ಮಗ. ಇನ್ನೊಂದು, ಅನೆಕ್ಸನ್ನ ನೀವೇ ನಿಮ್ಮ ಮನೆಯ ಭಾಗವಾಗಿ ಬಳಸ್ತಿದೀರ, ಆಫೀಸ್ ರೂಮು, ಪೂಜೆ ಕೋಣೆ, ಊರಿಂದ ಬಂದೋರು ಉಳ್ಕೊಳ್ಳೋ ರೂಮು ಹೀಗೆ. ವರ್ಷದಲ್ಲಿ ಕೆಲವು ತಿಂಗಳು ಅಪ್ಪ ಅಮ್ಮ ಬಂದಿದ್ದು ಮಿಕ್ಕ ಟೈಮಲ್ಲಿ ನೀವೇ ಬಳಸೋ ಅನೆಕ್ಸ್‌ಗೆ ಕೇಳಬೇಕಾದ್ದು ಇದನ್ನೇ. ಈ ಅರ್ಧ ಡಿಸ್ಕೌಂಟು ಬೇರೆ ಡಿಸ್ಕೌಂಟ್‌ಗಳ ಮೇಲೆ ಸೇರ್ಕೊಳ್ಳತ್ತೆ, ಅಂದ್ರೆ ಅನೆಕ್ಸಲ್ಲಿ ಮಗ ಒಬ್ಬನೇ ಇದ್ರೆ ಮೊದಲು ಒಬ್ಬರೇ ಇರೋರಿಗೆ ಕೊಡೋ 25 ಪರ್ಸೆಂಟ್ ಕಳೆದು 1,520 ಹೋಗಿ 1,140 ಆಗತ್ತೆ, ಆಮೇಲೆ ಅದರ ಅರ್ಧ, 570 ಪೌಂಡು. ಅಂದಹಾಗೆ ಬಿಲ್ಲು ಅನೆಕ್ಸಲ್ಲಿ ಇರೋರ ಹೆಸರಿಗೇ ಬರಬಹುದು, ಮನೆ ನಿಮ್ಮದಾದ್ರೂ ಅಲ್ಲಿ ವಾಸ ಇರೋರೇ ಮೊದಲ ಹೊಣೆಗಾರರು, ಅಪ್ಪನ ಹೆಸರಲ್ಲಿ ಕೌನ್ಸಿಲ್ ಕವರ್ ಬಂದ್ರೆ ಅವರು ಗಾಬರಿ ಆಗದ ಹಾಗೆ ಮೊದಲೇ ಹೇಳಿಡಿ.

ಖಾಲಿ ಬಿದ್ದಿದ್ರೆ? ಅಮ್ಮ ತೀರಿಕೊಂಡ ಮೇಲೆ ಅಥವಾ ಊರಿಗೇ ವಾಪಸ್ ಹೋದ ಮೇಲೆ ಯಾರೂ ಇಲ್ಲದ ಅನೆಕ್ಸ್‌ಗೆ ಕ್ಲಾಸ್ ಟಿ ಅಂತ ಇದೆ. ಪ್ಲ್ಯಾನಿಂಗ್ ಪರ್ಮಿಷನ್ನಲ್ಲಿ ಇದನ್ನ ಬೇರೆಯಾಗಿ ಬಾಡಿಗೆ ಕೊಡೋ ಹಾಗಿಲ್ಲ, ಮುಖ್ಯ ಮನೆ ಜೊತೆಗೇ ಬಳಸಬೇಕು ಅನ್ನೋ ಥರ ಷರತ್ತು ಇದ್ರೆ ಖಾಲಿ ಇರೋ ತನಕ ಪೂರ್ತಿ ವಿನಾಯಿತಿ ಸಿಗತ್ತೆ. ಅದಕ್ಕೇ ಪ್ಲ್ಯಾನಿಂಗ್ ಅಪ್ರೂವಲ್ ಪತ್ರನ ಜೋಪಾನವಾಗಿ ಇಟ್ಕೊಳ್ಳಿ, ಅದರಲ್ಲಿರೋ ಷರತ್ತಿನ ನಂಬರ್ ಸಮೇತ ಮುಂದೆ ಬೇಕಾಗತ್ತೆ. 2025ರ ಏಪ್ರಿಲ್‌ನಿಂದ ಕೌನ್ಸಿಲ್‌ಗಳು ಸೆಕೆಂಡ್ ಹೋಮ್‌ಗಳಿಗೆ ಡಬಲ್ ಟ್ಯಾಕ್ಸ್ ತನಕ ಹಾಕಬಹುದು ಅಂತ ಆಗಿದೆಯಲ್ಲ, ಮುಖ್ಯ ಮನೆಯ ಭಾಗವಾಗಿ ಬಳಸೋ ಅನೆಕ್ಸ್‌ಗೆ ಅದು ಅನ್ವಯ ಆಗಲ್ಲ, ಅಕಸ್ಮಾತ್ ಬಿಲ್ಲಲ್ಲಿ ಆ ಎಕ್ಸ್‌ಟ್ರಾ ಟ್ಯಾಕ್ಸು ಪ್ರೀಮಿಯಂ ಅಂತ ಕಂಡ್ರೆ ತಕ್ಷಣ ಕೌನ್ಸಿಲ್‌ಗೆ ಬರೀರಿ.

ವೀಸಾ ಮೇಲಿರೋರು ಕೇಳೋ ಇನ್ನೊಂದು ಪ್ರಶ್ನೆ, ಇದನ್ನ ತಗೊಂಡ್ರೆ ಪಬ್ಲಿಕ್ ಫಂಡ್ಸ್ (ವೀಸಾ ಷರತ್ತಿನ ಪ್ರಕಾರ ಸಾಮಾನ್ಯವಾಗಿ ತಗೊಳ್ಳೋ ಹಾಗಿಲ್ಲದ ಸರ್ಕಾರಿ ನೆರವು) ತಗೊಂಡ ಹಾಗಾಗತ್ತಾ ಅಂತ. ಆಗಲ್ಲ. ಆದಾಯ ನೋಡಿ ಕೊಡೋ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಅನ್ನೋ ಸ್ಕೀಮ್ ಮಾತ್ರ ಪಬ್ಲಿಕ್ ಫಂಡ್ಸ್ ಪಟ್ಟೀಲಿದೆ. ಡಿಸ್ಕೌಂಟು ಎಕ್ಸೆಂಪ್ಷನ್ನು ಅದಲ್ಲ. ಹೆಸರು ಒಂದೇ ಥರ ಇರೋದ್ರಿಂದ ಫಾರಂ ತುಂಬೋವಾಗ ಯಾವುದಕ್ಕೆ ಟಿಕ್ ಹಾಕ್ತಿದೀರ ಅಂತ ಎರಡು ಸಲ ನೋಡಿ, ಇದೊಂದು ಕಡೆ ಮಾತ್ರ ಅವಸರ ಬೇಡವೇ ಬೇಡ.

ಅರ್ಜಿ ಹಾಕೋದು ಹೇಗೆ ಅಂದ್ರೆ ಕೌನ್ಸಿಲ್ ವೆಬ್‌ಸೈಟಲ್ಲಿ ಕೌನ್ಸಿಲ್ ಟ್ಯಾಕ್ಸ್ ಅನೆಕ್ಸ್ ಅಂತ ಹುಡುಕಿ, ಫಾರಂ ಸಿಕ್ರೆ ಅದು, ಇಲ್ಲ ಅಂದ್ರೆ ಈಮೇಲ್. ಫೋನಲ್ಲಿ ಹೇಳಿ ಸುಮ್ಮನಾಗ್ಬೇಡಿ, ಬರವಣಿಗೇಲೇ ಇರಲಿ. ಎರಡೂ ಬಿಲ್ಲಿನ ಅಕೌಂಟ್ ನಂಬರು, ಅನೆಕ್ಸಲ್ಲಿ ಇರೋರ ಹೆಸರು, ಹುಟ್ಟಿದ ದಿನ, ನಿಮಗೆ ಏನಾಗಬೇಕು, ಯಾವ ತಾರೀಕಿಂದ ಅಲ್ಲಿದಾರೆ ಇಷ್ಟನ್ನ ಬರೆದು, ನಾನು ಕೇಳ್ತಿರೋದು ಕ್ಲಾಸ್ ಡಬ್ಲ್ಯೂ ಎಕ್ಸೆಂಪ್ಷನ್, ಅದು ಆಗಲ್ಲ ಅಂದ್ರೆ 50 ಪರ್ಸೆಂಟ್ ಅನೆಕ್ಸ್ ಡಿಸ್ಕೌಂಟು ಪರಿಗಣಿಸಿ ಅಂತ ಹೆಸರು ಹಿಡಿದು ಬರೀರಿ. ಜೊತೆಗೆ ಪಾಸ್‌ಪೋರ್ಟ್ ಕಾಪಿ, ಜಿಪಿ (ಏರಿಯಾ ಡಾಕ್ಟರ್) ಹತ್ರ ರಿಜಿಸ್ಟರ್ ಆಗಿರೋ ಪತ್ರ, ಆ ವಿಳಾಸಕ್ಕೆ ಬಂದಿರೋ ಬ್ಯಾಂಕ್ ಪತ್ರ ಯಾವುದಾದ್ರೂ. ಶುರುವಿನ ತಾರೀಕಿಂದಲೇ ಅನ್ವಯ ಮಾಡಿ ಅಂತ ಕೇಳೋದನ್ನ ಮರೀಬೇಡಿ, ತಡವಾಗಿ ಅರ್ಜಿ ಹಾಕ್ತಿದ್ರಂತೂ ಈ ಸಾಲು ಇರಲೇಬೇಕು. ಉತ್ತರ ಬರೋ ತನಕ ಬಂದ ಬಿಲ್ಲನ್ನ ಕಟ್ತಾ ಇರಿ, ಆಮೇಲೆ ವಾಪಸ್ ಬರತ್ತೆ, ಕಟ್ಟದೆ ಬಿಟ್ರೆ ರಿಮೈಂಡರ್ರು ಸಮನ್ಸು ಅಂತ ಬೇರೆ ತಲೆನೋವು.

ಕೌನ್ಸಿಲ್ ಇಲ್ಲ ಅಂದ್ರೆ, ನಾನು ಒಪ್ಪಲ್ಲ ಅಂತ ಅವರಿಗೇ ಇನ್ನೊಮ್ಮೆ ಬರೀಬೇಕು, ಅವರಿಗೆ ಎರಡು ತಿಂಗಳು ಟೈಮು, ಉತ್ತರ ಸರಿ ಅನ್ನಿಸದೆ ಇದ್ರೆ ಅದಾದ ಎರಡು ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ (ಇಂಥ ತಕರಾರು ಕೇಳೋ ನ್ಯಾಯಮಂಡಳಿ, ವಿಒಎ ಅಲ್ಲ) ಹೋಗಬಹುದು, ಫೀಸ್ ಇಲ್ಲ, ಲಾಯರ್ ಇಲ್ಲದೇನೂ ನಡೆಯತ್ತೆ. ಬ್ಯಾಂಡ್ ಹಾಕಿದ್ದೇ ತಪ್ಪು, ನಿಜಕ್ಕೂ ಅಲ್ಲಿ ಅಡುಗೆ ವ್ಯವಸ್ಥೆನೇ ಇಲ್ಲ ಅನ್ನೋದಾದ್ರೆ ಅದನ್ನ ವಿಒಎಗೆ ಬರೀಬೇಕು, ಅವರು ಬ್ಯಾಂಡ್‌ಗಳ ಲಿಸ್ಟ್ ಬದಲಾಯಿಸಿದ ನೋಟಿಸ್ ಬಂದ ಆರು ತಿಂಗಳೊಳಗೆ, ಫೋಟೋ ಮತ್ತೆ ಪ್ಲ್ಯಾನ್ ಸಮೇತ. ಇನ್ನು ಮುಂದೆ ಅನೆಕ್ಸ್ ಬೇಡವೇ ಬೇಡ ಅಂತ ಸಿಂಕು ಪೈಪು ಎಲ್ಲ ತೆಗೆಸಿ ಒಂದೇ ಮನೆ ಮಾಡ್ಕೊಂಡ್ರೂ ಅವರಿಗೇ ತಿಳಿಸಬೇಕು.

ಇದಿಷ್ಟೂ ಇಂಗ್ಲೆಂಡಿನ ಮಾತು. ವೇಲ್ಸಲ್ಲಿ ಕ್ಲಾಸ್ ಡಬ್ಲ್ಯೂ ಕ್ಲಾಸ್ ಟಿ ಇದಾವೆ ಆದ್ರೆ ಬ್ಯಾಂಡು 2003ರ ಬೆಲೆ ಮೇಲೆ, ಆ 50 ಪರ್ಸೆಂಟ್ ನಿಯಮ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಲ್ಲಿ ಬ್ಯಾಂಡ್ ಹಾಕೋದು ಅಸೆಸರ್, ನಿಯಮಗಳೂ ಬೇರೆ, ನಾರ್ದರ್ನ್ ಐರ್ಲೆಂಡಲ್ಲಂತೂ ಕೌನ್ಸಿಲ್ ಟ್ಯಾಕ್ಸೇ ಇಲ್ಲ, ಅಲ್ಲಿ ರೇಟ್ಸ್ ಅನ್ನೋ ಬೇರೆ ತೆರಿಗೆ.

ವಿನಾಯಿತಿ ಸಿಕ್ಕ ಮೇಲೂ ಒಂದು ಕೆಲಸ ಉಳಿಯತ್ತೆ. ಅಪ್ಪ ಅಮ್ಮ ಊರಿಗೆ ಕಾಯಂ ಹೋದ್ರು, ಅನೆಕ್ಸ್‌ಗೆ ಬಾಡಿಗೆಗೆ ಬೇರೆ ಯಾರೋ ಬಂದ್ರು, ಹೀಗೆ ಏನಾದ್ರೂ ಬದಲಾದ್ರೆ 21 ದಿನದೊಳಗೆ ಕೌನ್ಸಿಲ್‌ಗೆ ತಿಳಿಸಬೇಕು, ತಿಳಿಸದೆ ಇದ್ರೆ 70 ಪೌಂಡ್ ದಂಡ ಹಾಕಬಹುದು, ಜೊತೆಗೆ ಹಿಂದಿನ ತಾರೀಕಿಂದ ಪೂರ್ತಿ ಬಿಲ್ಲು. ಅಪ್ಪ ಅಮ್ಮನ ಟಿಕೆಟ್ ಬುಕ್ ಮಾಡಿದ ದಿನವೇ ಆ ಈಮೇಲೂ ಕಳಿಸಿಬಿಡಿ.