ಪಿಎಸ್ ಫೋರ್ ಕೆಟ್ಟಿತಾ? ಸ್ಕ್ರೂಡ್ರೈವರ್ ಆಮೇಲೆ, ಮೊದಲು ವಯರು ನೋಡಿ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಬದಿಯಡ್ಕ ಕಡೆ ಮಕ್ಕಳೆಲ್ಲ ಟಿವಿ ಮುಂದೆ. ಎರಡು ವಾರ ಕಳೆಯುವುದರೊಳಗೆ ಯಾರಾದರೊಬ್ಬರು ಸೋನಿಯ ಪಿಎಸ್ ಫೋರ್ (ಪ್ಲೇಸ್ಟೇಷನ್ 4) ಎಂಬ ಗೇಮಿನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಜಗಲಿಗೆ ಬರುತ್ತಾರೆ. ನಾನು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡಿಕೊಂಡಿದ್ದವನು. ಗೇಮ್ ಆಡಲು ಬರುವುದಿಲ್ಲ, ಬಿಚ್ಚಲು ಬರುತ್ತದೆ. ಆದರೆ ಬಿಚ್ಚುವ ಕೆಲಸ ಬೀಳುವುದೇ ಕಡಿಮೆ.

ಆನ್ ಆಗುವುದೇ ಇಲ್ಲ ಎಂದರೆ ಮೊದಲು ಕರೆಂಟಿನ ವಯರು ಬದಲಿಸಿ ನೋಡಿ. ಪಿಎಸ್ ಫೋರ್, ಅದರ ತೆಳು ಮಾದರಿ ಸ್ಲಿಮ್, ಎರಡಕ್ಕೂ ಹಳೆಯ ಟೇಪ್ ರೆಕಾರ್ಡರಿನ ಎಂಟರ ಆಕಾರದ ವಯರೇ ಆಗುತ್ತದೆ, ನಿಮ್ಮ ಅಟ್ಟದಲ್ಲೂ ಒಂದು ಇದ್ದೀತು. ಪ್ಲಗ್ ಹಾಕುವ ತೂತಿನಲ್ಲಿ ಇರುವೆ ಗೂಡು ಕಟ್ಟಿದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಿ. ನಗಬೇಡಿ, ಎರಡು ಸಲ ಕಂಡಿದ್ದೇನೆ.

ನೀಲಿ ಲೈಟು ಮಿಣುಕುತ್ತಲೇ ಇರುತ್ತದೆ, ಬಿಳಿಗೆ ತಿರುಗುವುದಿಲ್ಲ, ಟಿವಿಯಲ್ಲಿ ಏನೂ ಇಲ್ಲ. ಹೋದ ವರ್ಷ ನಮ್ಮ ಮೊಮ್ಮಗನದ್ದು ಹೀಗೇ ಆಯಿತು, ಪೇಟೆಯ ಅಂಗಡಿಯವರು ಬೋರ್ಡೇ ಹೋಗಿದೆ ಅಂದರು, ಹುಡುಗ ಅತ್ತುಬಿಟ್ಟ. ನಾನು ಭೂತಗನ್ನಡಿ ಹಿಡಿದು, ಟಿವಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಕೇಬಲ್ಲಿನ ತೂತು ನೋಡಿದೆ. ನಡುವೆ ತೆಳುವಾದ ನಾಲಿಗೆಯಂಥದ್ದು, ಅದರ ಮೇಲೂ ಕೆಳಗೂ ಸೇರಿ 19 ಪಿನ್ನು. ಒಂದು ಬಗ್ಗಿದರೂ ಚಿತ್ರ ಹೋಗಬಹುದು, ಸೂಜಿ ಹಾಕಿ ನೆಟ್ಟಗೆ ಮಾಡಲು ಹೋದರೆ ಪಕ್ಕದ್ದೂ ಮುರಿಯುತ್ತದೆ. ಇಲ್ಲಿ ಪಿನ್ನೆಲ್ಲ ಸರಿಯೇ ಇತ್ತು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟು ಇಟ್ಟು ಕೇಬಲ್ಲು ಬುಡದಲ್ಲೇ ಒಳಗಿಂದ ತುಂಡಾಗಿತ್ತು, ಅಷ್ಟೇ. ಬೇರೆ ಕೇಬಲ್ ಹಾಕಿದೆವು, ಚಿತ್ರ ಬಂತು.

ಕೇಬಲ್ಲಿನಿಂದ ಆಗದಿದ್ದರೆ ಪೂರ್ತಿ ಆಫ್ ಮಾಡಿ ಪವರ್ ಬಟನ್ ಒತ್ತಿ ಹಿಡಿಯಿರಿ. ಒಂದು ಬೀಪ್, ಸುಮಾರು 7 ಸೆಕೆಂಡಿಗೆ ಇನ್ನೊಂದು, ಆಗ ಕೈ ಬಿಡಿ. ಸೇಫ್ ಮೋಡ್, ಅಂದರೆ ರಿಪೇರಿಯ ಪಟ್ಟಿ, ಟಿವಿಯಲ್ಲಿ ಬರುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ವಯರಿನಲ್ಲೇ ಸಿಕ್ಕಿಸಬೇಕು, ಬರೀ ಚಾರ್ಜ್ ಆಗುವ ಕೇಬಲ್ ನಡೆಯುವುದಿಲ್ಲ. ಅಲ್ಲಿ 5ನೆಯದು, ರೀಬಿಲ್ಡ್ ಡೇಟಾಬೇಸ್, ಧೈರ್ಯವಾಗಿ ಒತ್ತಿ, ಆಡಿದ್ದು ಏನೂ ಅಳಿಯುವುದಿಲ್ಲ. 6 ಮತ್ತು 7 ಒತ್ತಿದರೆ ಎಲ್ಲ ಗುಡಿಸಿ ಹೋಗುತ್ತದೆ, ಮತ್ತೆ ಮಕ್ಕಳ ಮುಖ ನೋಡಲಾಗದು. ಅದೂ ಆಗಲಿಲ್ಲವಾ, ಹಾರ್ಡ್ ಡಿಸ್ಕಿನ ಮೇಲೆ ಸಂಶಯ ಪಡಿ. ಲ್ಯಾಪ್‌ಟಾಪಿನ 2.5 ಇಂಚಿನದ್ದೇ ಇದಕ್ಕೂ ಆಗುತ್ತದೆ.

ಫ್ಯಾನು ಅಕ್ಕಿ ಮಿಲ್ಲಿನ ಹಾಗೆ ಕೂಗಿ, ಕೆಂಪು ಲೈಟು ಬಂದು ಆಫ್ ಆದರೆ ಬಿಸಿ ಜಾಸ್ತಿಯಾಗಿದೆ ಎಂದೇ ಅರ್ಥ. ಒಳಗೆ ಧೂಳು ಕಟ್ಟಿರುತ್ತದೆ, ಹಳೆಯದಾದರೆ ಚಿಪ್ಪಿನ ಬಿಸಿ ಹೊರಗೆಳೆಯುವ ಥರ್ಮಲ್ ಪೇಸ್ಟೂ ಒಣಗಿರುತ್ತದೆ. ಬ್ಲೋವರಿನಲ್ಲಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿ ಅಡ್ಡ ಹಿಡಿಯಿರಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಉಳಿದ ಕರೆಂಟು ಕಚ್ಚುತ್ತದೆ, ನನಗೆ ಟಿವಿಯಲ್ಲಿ ಬೇಕಾದಷ್ಟು ಸಿಕ್ಕಿದೆ. ಹಿಂದೆ ಮೈಕ್ರೋಸಾಫ್ಟಿನ ಗೇಮ್ ಪೆಟ್ಟಿಗೆ ಎಕ್ಸ್‌ಬಾಕ್ಸ್ 360 ಕೆಟ್ಟರೆ ಮುಂದುಗಡೆ ಕೆಂಪು ಲೈಟಿನ ಉಂಗುರ ಬರುತ್ತಿತ್ತು, ಕಂಪನಿಯೇ 2007ರಲ್ಲಿ ಅದಕ್ಕೆ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತು. ಆಗ ಜನ ಪೆಟ್ಟಿಗೆಗೆ ಬೈರಾಸು, ಅಂದರೆ ಟವೆಲು, ಸುತ್ತಿ ಬಿಸಿ ಮಾಡಿ ಓಡಿಸುತ್ತಿದ್ದರಂತೆ! ಮಾಡಬೇಡಿ. ಒಂದೆರಡು ದಿನ ಓಡೀತು, ಆಮೇಲೆ ಅಷ್ಟೇ.

ತಿಂಗಳುಗಟ್ಟಲೆ ಮುಟ್ಟದೆ ಇಟ್ಟದ್ದು ಮಳೆಗಾಲದಲ್ಲಿ ತಂಪು ಹಿಡಿದಿರುತ್ತದೆ. ತೆಗೆದ ಕೂಡಲೇ ಆನ್ ಮಾಡದೆ ಒಣಗಿದ ಕೋಣೆಯಲ್ಲಿ ಒಂದು ದಿನ ಇಡಿ. ಅಡಿಕೆ ಅಂತ ಅಂಗಳದ ಬಿಸಿಲಿಗೆ ಹರಡಬೇಡಿ ಮತ್ತೆ. ತುಲಾ ತಿಂಗಳ ಸಿಡಿಲಿಗೆ ಸ್ಪೈಕ್ ಬೋರ್ಡು ನಂಬಿ ಪ್ರಯೋಜನವಿಲ್ಲ, ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗೂ ಎಚ್‌ಡಿಎಂಐಯೂ ಇಂಟರ್ನೆಟ್ಟಿನ ವಯರೂ ಕಿತ್ತಿಡಿ. ಟಿವಿಯ ಕೇಬಲ್ಲಿನಿಂದಲೂ ಸಿಡಿಲು ಒಳಗೆ ಬರುತ್ತದೆ.

ಕಂಟ್ರೋಲರಿನ ಸ್ಟಿಕ್ಕು ಮುಟ್ಟದೆಯೇ ಒಂದು ಕಡೆ ಎಳೆಯುತ್ತದಾ? ಹಳೆಯ ರೇಡಿಯೋದ ವಾಲ್ಯೂಮ್ ಕರಕರ ಎನ್ನುವ ರೋಗವೇ ಇದು, ಒಳಗಿನ ಪಟ್ಟಿ ಸವೆದಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು ತಿರುಗಿಸಿ ಒಣಗಲು ಬಿಡಿ, ಸ್ವಲ್ಪ ದಿನ ನಡೆದೀತು. ಸ್ಟಿಕ್ಕನ್ನೇ ಬದಲಿಸಬೇಕಾದರೆ 14 ಕಡೆ ಬೆಸುಗೆ ಬಿಡಿಸಬೇಕು. ನನ್ನ ಕೈ ಈಗ ನಡುಗುತ್ತದೆ, ಆ ಕೆಲಸ ಮೊಮ್ಮಗನೇ ಮಾಡುತ್ತಾನೆ, ನಾನು ಟಾರ್ಚ್ ಹಿಡಿಯುತ್ತೇನೆ.