ಸ-ಲ-ಕ: ಒಂದು ಅರಾಮಿಕ್ ಕ್ರಿಯಾಪದದ ಬೆನ್ನು ಹತ್ತಿ

ಬೈಬಲಿನ ದಾನಿಯೇಲನ ಪುಸ್ತಕವನ್ನು ಮೂಲದಲ್ಲೇ ಓದಬೇಕು ಅನ್ನುವುದು ನನಗೆ ಬಹಳ ದಿನದ ಆಸೆ. ಆ ಪುಸ್ತಕದ 2ನೇ ಅಧ್ಯಾಯದ 4ನೇ ವಚನದ ನಡುವಿನಿಂದ 7ನೇ ಅಧ್ಯಾಯದ ಕೊನೆಯವರೆಗೆ ಇರುವುದು ಹೀಬ್ರೂ ಅಲ್ಲ, ಅದರ ಸೋದರ ಭಾಷೆ ಅರಾಮಿಕ್. ಹೀಬ್ರೂ ಸ್ವಲ್ಪ ಕಲಿತಿದ್ದೆ, ಲಿಪಿಯೂ ಅದೇ. ಧೈರ್ಯ ಮಾಡಿ ಶುರು ಮಾಡಿದೆ. ಆರನೇ ಅಧ್ಯಾಯದಲ್ಲಿ ಒಂದು ಪದ ನನ್ನನ್ನು ನಿಲ್ಲಿಸಿತು.

ದಾನಿಯೇಲನನ್ನು ಸಿಂಹಗಳ ನಡುವಿನಿಂದ ತೆಗೆಯಿರಿ ಎಂದು ರಾಜ ದಾರ್ಯಾವೆಷ ಅಪ್ಪಣೆ ಕೊಡುವ ಜಾಗ ಅದು. ಕನ್ನಡ ಬೈಬಲಿನಲ್ಲಿ 23ನೇ ವಚನ, ಮೂಲದಲ್ಲಿ 24. ಅಲ್ಲಿ ‘ಹನ್ಸಾಕಾ’ ಎಂಬ ರೂಪ ಇದೆ. ಮೊದಲ ‘ಹ’ ನಮ್ಮ ‘ಇಸು’ ಪ್ರತ್ಯಯದ ಕೆಲಸ ಮಾಡುತ್ತದೆ. ಅದನ್ನು ತೆಗೆದರೆ ಧಾತುವಾಗಿ ಉಳಿಯುವ ಮೂರು ವ್ಯಂಜನಗಳು ನ-ಸ-ಕ. ನಿಘಂಟು ತೆರೆದೆ. ಅಲ್ಲಿ ‘ಸ-ಲ-ಕ ನೋಡಿ’ ಎಂದಷ್ಟೇ ಇತ್ತು. ಇಲ್ಲದ ಲಕಾರ ಎಲ್ಲಿಂದ ಬಂತು? ಇದ್ದ ನಕಾರ ಎಲ್ಲಿಗೆ ಹೋಯಿತು?

ಉತ್ತರದ ಅರ್ಧ ನಮ್ಮ ಮನೆಯಲ್ಲೇ ಇತ್ತು. ನಮ್ಮಮ್ಮ ‘ಬರ್ತೀನಿ’ ಅನ್ನುವುದಿಲ್ಲ, ‘ಬತ್ತೀನಿ ಕಣಪ್ಪ’ ಅನ್ನುತ್ತಾರೆ. ರಕಾರ ಪಕ್ಕದ ತಕಾರದೊಳಗೆ ಕರಗಿ, ತಕಾರ ಎರಡಾಗುತ್ತದೆ. ಅರಾಮಿಕ್‌ನಲ್ಲೂ ಹೀಗೆಯೇ. ಸಕಾರಕ್ಕೆ ಅಂಟಿಕೊಂಡ ಲಕಾರ ಕರಗಿ ‘ಸ್ಸ’ ಆಯಿತು. ಅದೇ ವಚನದಲ್ಲಿ, ದಾನಿಯೇಲನನ್ನು ಮೇಲೆತ್ತಲಾಯಿತು ಅನ್ನುವ ಕಡೆ, ‘ಹುಸ್ಸಕ್’ ಎಂದು ಇದೇ ರೂಪ ಸಿಗುತ್ತದೆ. ಆಮೇಲೆ ಆ ಇಮ್ಮಡಿ ಸಕಾರದ ಮೊದಲರ್ಧ ಮೂಗಿನಿಂದ ಹೊರಟು ‘ನ್ಸ’ ಆಯಿತು. ಅರಾಮಿಕ್‌ಗೆ ಈ ಅಭ್ಯಾಸ ಜಾಸ್ತಿ. ಅರಿವು ಎಂಬ ಅರ್ಥದ ‘ಮದ್ದ’ ಕೂಡ ದಾನಿಯೇಲನಲ್ಲಿ ‘ಮಂದ’ ಆಗಿದೆ. ಒಂದೇ ವಚನದಲ್ಲಿ ಒಂದೇ ಧಾತು ಎರಡು ವೇಷದಲ್ಲಿ!

ಆಮೇಲೆ ಈ ಧಾತು ಬರುವ ಕಡೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೈಬಲಿನ ಅರಾಮಿಕ್ ಭಾಗದಲ್ಲಿ ಬರೀ ಏಳು ವಚನ. ಆರು ದಾನಿಯೇಲನಲ್ಲಿ, ಒಂದು ಎಜ್ರ 4:12ರಲ್ಲಿ. ಮೂಲ ಅರ್ಥ ಹತ್ತು, ಮೇಲಕ್ಕೆ ಹೋಗು. ಅರಬ್ಬಿಯಲ್ಲಿ ‘ತಸಲ್ಲಕ’ ಅಂದರೂ ಹತ್ತುವುದೇ. ಹೀಬ್ರೂ ಈ ಅರ್ಥಕ್ಕೆ ‘ಅಲಾ’ ಎಂಬ ಬೇರೆ ಪದ ಬಳಸುತ್ತದೆ. ಆದರೆ ಕೀರ್ತನೆ 139:8ರಲ್ಲಿ, ‘ಆಕಾಶಕ್ಕೆ ಏರಿದರೂ’ ಅನ್ನುವಲ್ಲಿ ಮಾತ್ರ, ಅರಾಮಿಕ್‌ನ ‘ಎಸ್ಸಕ್’ ಹೀಬ್ರೂ ಹಾಡಿನೊಳಗೆ ಬಂದು ಕೂತಿದೆ. ಅಲ್ಲೂ ಲಕಾರ ಇಲ್ಲ.

ದಾನಿಯೇಲನ ಕನಸಿನಲ್ಲಿ ಸಮುದ್ರದಿಂದ ಮೃಗಗಳು ಮೇಲೆ ಬರುವುದಕ್ಕೆ, ಒಂದು ಮೃಗಕ್ಕೆ ಚಿಕ್ಕ ಕೊಂಬು ಮೊಳೆಯುವುದಕ್ಕೆ, ಎಜ್ರದಲ್ಲಿ ಯೆಹೂದ್ಯರು ಯೆರೂಸಲೇಮಿಗೆ ಬಂದದ್ದಕ್ಕೆ ಇದೇ ಕ್ರಿಯಾಪದ. ಆದರೆ ನನ್ನ ಮನಸ್ಸು ಹಿಡಿದದ್ದು ದಾನಿಯೇಲ 2:29. ಅಲ್ಲಿ ಕನಸು ಕಂಡ ಇನ್ನೊಬ್ಬ ರಾಜ ನೆಬೂಕದ್ನೆಚ್ಚರ ಮಲಗಿದ್ದಾನೆ. ಅವನ ಯೋಚನೆಗಳು ‘ಸ್ಲಿಕು’, ಅಂದರೆ ಮೇಲೆ ಬಂದವು. ಕನ್ನಡದಲ್ಲಿ ಯೋಚನೆ ಬರುತ್ತದೆ, ಹೊಳೆಯುತ್ತದೆ, ಹುಟ್ಟುತ್ತದೆ. ಇಲ್ಲಿ ಅದು ಹತ್ತುತ್ತದೆ. ಇದು ಒಬ್ಬ ಬರಹಗಾರನ ಕಲ್ಪನೆ ಅಂದುಕೊಂಡಿದ್ದೆ, ಅಲ್ಲ. ಸಿರಿಯಾದ ಅಲೆಪ್ಪೊ ಬಳಿಯ ಸೆಫೀರೆಯಲ್ಲಿ ಸಿಕ್ಕ, ಕ್ರಿ.ಪೂ. 8ನೇ ಶತಮಾನದ ಒಪ್ಪಂದದ ಶಾಸನದಲ್ಲೂ ಕೊಲ್ಲುವ ಯೋಚನೆ ‘ನಿನ್ನ ಹೃದಯಕ್ಕೆ ಏರಿದರೆ’ ಅನ್ನುವ ಮಾತಿದೆ. ಅದೇ ಕ್ರಿಯಾಪದ, ಲಕಾರ ಅಲ್ಲೂ ಕರಗಿದೆ. ಶತಮಾನಗಳು ಕಳೆದ ಮೇಲೆ ಯೆಹೂದಿ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ‘ಸಾಲ್ಕಾ ದಅತಾಖ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ‘ಹೀಗೆಂದು ನಿನ್ನ ಬುದ್ಧಿಗೆ ಏರಿದರೆ’ ಎಂದು ವಾದ ಶುರು ಮಾಡುವ ರೀತಿ ಅದು. ಶಾಸನ, ಕನಸು, ವಾದ, ಮೂರರಲ್ಲೂ ಯೋಚನೆ ಕೆಳಗಿನಿಂದ ಹತ್ತಿಕೊಂಡು ಬರುತ್ತದೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇನ್ನೊಂದು ಲಾಭವೂ ಆಯಿತು. ನಾವೆಲ್ಲ ‘ಸಿಂಹದ ಗವಿ’ ಅನ್ನುತ್ತೇವೆ. ಗವಿ ಅಂದರೆ ಬೆಟ್ಟದ ಪಕ್ಕದಲ್ಲಿ ನಡೆದು ಹೋಗುವ ಜಾಗ ಕಣ್ಣಿಗೆ ಬರುತ್ತದೆ, ಅಲ್ವಾ? ಮೂಲದ ಪದ ‘ಗುಬ್ಬಾ’. ಅದು ಗುಂಡಿ. ಅದರ ಬಾಯಿಗೆ ಕಲ್ಲು ಮುಚ್ಚುತ್ತಾರೆ. ಒಳಗಿದ್ದವನನ್ನು ಹೊರಗೆ ಕರೆದರೆ ಸಾಲದು, ಮೇಲಕ್ಕೆ ಎತ್ತಬೇಕು. ‘ಹನ್ಸಾಕಾ’ ಅಲ್ಲಿ ಸುಮ್ನೆ ಬಂದಿಲ್ಲ. ಪದಕ್ಕೆ ಪದ ಬರೆಯುವುದಾದರೆ ನಾನು ‘ಗುಂಡಿಯಿಂದ ಮೇಲೆತ್ತಿರಿ’ ಎಂದೇ ಬರೆಯುತ್ತೇನೆ.

ಭಾನುವಾರ ಮಕ್ಕಳಿಗೆ ಈ ಕಥೆ ಹೇಳುವಾಗ ಬೋರ್ಡ್ ಮೇಲೆ ಗುಂಡಿ ಬರೆದೆ. ‘ಅಂಕಲ್, ಹೇಗೆ ಎತ್ತಿದ್ರು?’ ಎಂದು ಒಬ್ಬ ಹುಡುಗ ಕೇಳಿದ. ಹೇಗೆ ಎಂದು ಆ ವಚನ ಹೇಳುವುದಿಲ್ಲ. ಮುಂದಿನ ವಾರಕ್ಕೆ, ಪ್ರವಾದಿ ಯೆರೆಮೀಯನನ್ನು ಗುಂಡಿಯಿಂದ ಮೇಲೆತ್ತುವ ಯೆರೆಮೀಯ 38 ತೆಗೆದಿಟ್ಟಿದ್ದೇನೆ. ಅಲ್ಲಿ ಹೀಬ್ರೂವಿನ ‘ಅಲಾ’ ಇದೆ, ಹಗ್ಗ ಇದೆ, ಕಂಕುಳಿಗೆ ಒತ್ತದಿರಲಿ ಎಂದು ಕೊಟ್ಟ ಹಳೆ ಬಟ್ಟೆಯ ಚೂರುಗಳೂ ಇವೆ.